ಬ್ಯಾನಿ ದಾಟಿದ ಕೋಳಿ

ನಾನು ಹುಟ್ಟಿದ ಮನೆಯಲ್ಲಾಗಲಿ ಸೇರಿದ ಮನೆಯಲ್ಲಾಗಲಿ ತತ್ತಿ ಒಡೆದವರಿಲ್ಲ. ಎರಡೂ ಕಡೆ ಲಿಂಗಪೂಜೆ ಮುಗಿಯದೆ ಚಹಾ ಕುಡಿಯದ ಜನ. ಅಂಥ ಮನೆಯವಳು ಬಳ್ಳಾರಿಯಲ್ಲಿ ಪ್ರಾಣಿಗಳ ರೋಗ ಪತ್ತೆಹಚ್ಚುವ ಲ್ಯಾಬಿಗೆ ಸೇರಿ, ಬೆಳಗಾದರೆ ಸತ್ತ ಕೋಳಿಯ ಹೊಟ್ಟೆ ಸೀಳುವ ಕೆಲಸ ಹಿಡಿದದ್ದು ಸತ್ಯನಾರಾಯಣಪೇಟೆಯ ನಮ್ಮ ಓಣಿಗೆ ಬಹಳ ದಿನ ನಗುವ ಸಂಗತಿಯಾಗಿತ್ತು. ಸಂಜೆ ನಾನು ಗೇಟು ತೆಗೆದ ಸದ್ದಾದರೆ ಸಾಕು, ನಮ್ಮ ಅತ್ತೆ ಒಳಗಿನಿಂದಲೇ ಕೂಗುತ್ತಿದ್ದರು: “ಬಂದ್ಲು ನೋಡ್ರಿ ಕೋಳಿ ಡಾಕ್ಟ್ರು! ಹಿತ್ತಲ ಕಡಿಂದ ಬಾರವ್ವಾ, ನೀರು ಕಾಸಿಟ್ಟೀನಿ. ಮೈ ತೊಳಕೊಂಡು ಒಳಗ ಬಾ.” ಮೈ ತೊಳೆದು ಬಂದ ಮೇಲೆ ಮಾತ್ರ ಅವರಿಗೆ ಎಲ್ಲಾ ತಿಳಿಯಬೇಕು. ಯಾವ ಊರಿನ ಕೋಳಿ, ಯಾಕೆ ಸತ್ತಿತು, ಸಾಕಿದವರು ಅತ್ತರೋ ಇಲ್ಲವೋ. ತಾವು ತಿನ್ನದ ಪ್ರಾಣಿಯ ಮೇಲೆ ಅಷ್ಟು ಕರುಣೆ ಇಟ್ಟುಕೊಂಡವರನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಅದಕ್ಕೆ ನನ್ನ ಕೆಲಸವೂ ಕಾರಣ ಎನ್ನಬಹುದು. ಬಳ್ಳಾರಿಯ ಬಿಸಿಲಲ್ಲಿ ಸತ್ತ ಕೋಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ, ಬಸ್ಸಿನ ಇಂಜಿನ್ ಪಕ್ಕ ಇಟ್ಟುಕೊಂಡು ಬಂದು, ಅದು ಊದಿ ನಾರುವಾಗ ಮೇಜಿನ ಮೇಲೆ ಇಟ್ಟು “ಏನಾಗೈತಿ ನೋಡ್ರಿ” ಎಂದರೆ ಏನು ನೋಡುವುದು? ನಾನು ಬೈಯುವುದು ಕೇಳಿ ಎದುರಿನ ಚಹಾದ ಅಂಗಡಿಯವನು ರೇಡಿಯೋ ಸಣ್ಣ ಮಾಡುತ್ತಾನೆಂದು ಲ್ಯಾಬಿನವರು ಆಡಿಕೊಳ್ಳುತ್ತಿದ್ದರು. ಇರಲಿ. ಬೈಸಿಕೊಂಡವರು ಎರಡನೇ ಸಲ ಐಸ್ ಹಾಕಿಕೊಂಡು ತರುತ್ತಿದ್ದರು.

ಬಾದನಹಟ್ಟಿಯ ಆ ಹೆಂಗಸು ಮೊದಲ ಸಲವೇ ಐಸ್ ಹಾಕಿಕೊಂಡು ಬಂದಿದ್ದಳು. ಊರಿನ ಐಸ್‌ಕ್ಯಾಂಡಿ ಮಾರುವವನಿಂದ ಥರ್ಮಾಕೋಲ್ ಡಬ್ಬಿ ಇಸಿದುಕೊಂಡು, ಅದರಲ್ಲಿ ಸತ್ತ ಹೇಟೆ ಕೋಳಿಯೊಂದನ್ನು ಅಚ್ಚುಕಟ್ಟಾಗಿ ಮಲಗಿಸಿದ್ದಳು. ಇನ್ನೊಂದು ಕೈಯಲ್ಲಿ ಬುಟ್ಟಿ, ಅದರ ಮೇಲೆ ಹಳೆ ಸೀರೆಯ ತುಂಡು, ಒಳಗೆ ಕೊಕ್ಕೊಕ್ಕೋ ಅನ್ನುವ ಜೀವಂತ ಕೋಳಿ. ವಯಸ್ಸು ನನ್ನಷ್ಟೇ ಇರಬಹುದು, ಐವತ್ತರ ಆಚೆ ಈಚೆ. ಹೊಲದ ಕೆಲಸದ ಕೈ, ಹಣೆ ತುಂಬ ಕುಂಕುಮ.

“ಕಂಡಕ್ಟರು ಕೋಳಿಗೂ ಟಿಕೀಟು ಹರದ ಡಾಕ್ಟ್ರಮ್ಮಾ” ಎಂದು ನಕ್ಕಳು. ಮರುಕ್ಷಣ ನಗು ಹೋಯಿತು. “ಸತ್ತಿದ್ದು ಸಿರುಗುಪ್ಪದ ಕಡೀದು, ನನ್ನ ಮಗಳನ್ನ ಕೊಟ್ಟ ಮನಿದು. ಜೀವಂತ ಇರೋದು ನಮ್ಮನಿದು. ಎರಡೂ ನೋಡ್ರಿ. ನೋಡಿ, ನಮ್ಮ ಕೋಳಿಯಿಂದ ರೋಗ ಹೋಗಿಲ್ಲ ಅಂತ ಒಂದು ಚೀಟಿ ಬರದು ಕೊಡ್ರಿ.”

“ನೋಡೂಕಿಂತ ಮೊದಲ ಏನು ಬರೀಬೇಕು ಅನ್ನೋದು ನೀವ ಹೇಳ್ತೀರೇನು? ನಾನೇನು ತಾಯತ ಕಟ್ಟಾಕಿ ಏನವ್ವಾ, ಕೇಳಿದ್ದು ಬರದು ಕೊಡಾಕ?” ಎಂದು ನಾನು ಶುರು ಮಾಡಿದೆ.

ಆಕೆ ಹಿಂದೆ ಸರಿಯಲಿಲ್ಲ. ಬುಟ್ಟಿ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತಳು. “ಬೈರಿ. ಬೈಸಿಕೊಳ್ಳಾಕ ತಯಾರಾಗೇ ಬಂದೀನಿ. ಆದ್ರ ನನ್ನ ಮಗಳ ಬಾಳೇವು ಇದರಾಗ ಐತಿ, ಅಷ್ಟು ತಿಳಕೊಂಡು ಬೈರಿ.”

ಇಂಥ ಮಾತಿಗೆ ಏನು ಬೈಯುವುದು? ಒಳಗೆ ಕರೆದು ಕೂಡಿಸಿ ಎಲ್ಲ ಕೇಳಿದೆ.

ಆಕೆಯ ಮನೆತನದಲ್ಲಿ ಒಂದು ರೂಢಿ ಇತ್ತು. ಬಾಣಂತನ ಮುಗಿಸಿದ ಮಗಳು ಕೂಸಿನೊಂದಿಗೆ ಗಂಡನ ಮನೆಗೆ ಹೊರಡುವಾಗ ತೊಟ್ಟಿಲು, ಬಟ್ಟೆಬರೆಯ ಜೊತೆ ಒಂದು ಹುಂಜ, ಕೆಲವು ಹೇಟೆ ಕಳಿಸಬೇಕು. ಸಿಕ್ಕಿದ ಕೋಳಿ ಹಿಡಿದು ಕಳಿಸುವಂತಿಲ್ಲ. ಊರಲ್ಲಿ ಬ್ಯಾನಿ ಬಂದು, ಅಂದರೆ ರೋಗ ಬಂದು, ಓಣಿಯ ಕೋಳಿಯೆಲ್ಲ ಸತ್ತಾಗಲೂ ಸಾಯದೆ ಉಳಿದವು ಇರುತ್ತವಲ್ಲ, ಅವನ್ನೇ ಆರಿಸಿ ಕಳಿಸಬೇಕು.

“ಬ್ಯಾನಿ ದಾಟಿದ ಕೋಳಿ ಗಟ್ಟಿ ಕೋಳಿ ಡಾಕ್ಟ್ರಮ್ಮಾ. ನನಗ ನಮ್ಮವ್ವ ಅಂಥವನ್ನ ಕೊಟ್ಟಿದ್ಲು, ನಮ್ಮವ್ವಗ ಅವರವ್ವ. ಮಗಳಿಗೆ ಸೊರಗಿದ್ದು ಕೊಡಾಕ ಬರ್ತೈತೇನು? ಹೋದ ವರ್ಷ ನಮ್ಮೂರಾಗ ಕೋಳಿ ಸತ್ತಾಗ ನನ್ನವು ಒಂದಿಷ್ಟು ಉಳಿದ್ವು. ಗಲ್ಲದ ಕೆಂಪು ತೊಗಲು ಊದಿತ್ತು, ಅಷ್ಟ. ಅರಿಶಿಣ ಸುಣ್ಣ ಹಚ್ಚಿದೆ, ಇಳೀತು. ಅವನ್ನ ನೋಡಿ ನೋಡಿ ಆರಿಸಿ ಕಳಿಸೀನಿ.”

ಆಕೆ ಹೆಮ್ಮೆಯಿಂದ ಹೇಳುತ್ತಿದ್ದಳು, ನನಗೆ ಬೇರೆಯದೇ ಅನುಮಾನ ಬಂತು. ಕೋಳಿಗಳಿಗೆ ಬರುವ ಕಾಲರಾದಲ್ಲಿ ಬದುಕಿ ಉಳಿದ ಕೋಳಿ ಎಷ್ಟೋ ಸಲ ರೋಗಾಣುವನ್ನು ಮೂಗು ಗಂಟಲಲ್ಲಿ ಇಟ್ಟುಕೊಂಡೇ ಉಳಿದಿರುತ್ತದೆ. ಮೇಯುತ್ತದೆ, ತತ್ತಿ ಇಡುತ್ತದೆ, ನೋಡಿದವರಿಗೆ ಲಕ್ಷಣವಾಗಿಯೇ ಕಾಣುತ್ತದೆ. ಮಗಳ ಮೇಲಿನ ಪ್ರೀತಿಗೆ ಈಕೆ ಹುಡುಕಿ ಹುಡುಕಿ ಅಂಥವನ್ನೇ ಆರಿಸಿದ್ದಳು.

ಕಳಿಸಿದ ಮೇಲೆ ತಿಂಗಳುಗಟ್ಟಲೆ ಸಿರುಗುಪ್ಪದಲ್ಲಿ ಏನೂ ಆಗಲಿಲ್ಲ. ಮಗಳ ಅತ್ತೆಗೆ ಕೋಳಿ ಕಂಡರೆ ಜೀವ. ತವರಿನ ಕೋಳಿ ಬಂದ ಮೇಲೆ ಅತ್ತೆ ಸೊಸೆ ಕೂಡಿ ಮನೆಯ ಹಿಂದೆ ದೊಡ್ಡ ಶೆಡ್ಡನ್ನೇ ಮಾಡಿಕೊಂಡರು. ಮಳೆಗಾಲ ಹಿಡಿಯಿತು. ಒಂದು ಬೆಳಗ್ಗೆ ಕೆಲವು ಕೋಳಿ ಕಾಲು ಚಾಚಿ ಬಿದ್ದಿದ್ದವು. ಆಮೇಲೆ ಸಾವು ನಿಲ್ಲಲಿಲ್ಲ. ಶೆಡ್ಡು ಖಾಲಿಯಾಗುತ್ತ ಬಂದಾಗ ಅತ್ತೆ ಸೊಸೆಗೆ ಅಂದಳಂತೆ: “ನಿಮ್ಮವ್ವ ನಿನಗ ಉಡಿ ತುಂಬಿ ಕಳಿಸಲಿಲ್ಲ, ಬ್ಯಾನಿ ತುಂಬಿ ಕಳಿಸ್ಯಾಳ. ಅದು ಖರೇನೋ ಸುಳ್ಳೋ ಗೊತ್ತಾಗೋತನಕ ತವರಾಗ ಇರು.” ಅಕ್ಕಿ ಗಿರಣಿಯ ಲಾರಿ ಓಡಿಸುವ ಗಂಡ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಲಾರಿ ಹತ್ತಿ ಹೋದ. ಹುಡುಗಿ ಕೂಸನ್ನು ಎತ್ತಿಕೊಂಡು, ಆ ಬೆಳಗ್ಗೆ ಸತ್ತ ಹೇಟೆಯೊಂದನ್ನೂ ಚೀಲದಲ್ಲಿ ಹಾಕಿಕೊಂಡು ಬಾದನಹಟ್ಟಿಗೆ ಬಂದಳು.

ಕೋಳಿ ಸತ್ತದ್ದಕ್ಕೆ ಸೊಸೆಯನ್ನು ಹೊರಗೆ ಹಾಕುವುದೇ! ನನಗೆ ಎಷ್ಟು ರೇಗಿತೆಂದರೆ ಆ ಅತ್ತೆ ಎದುರಿಗೆ ಇದ್ದಿದ್ದರೆ ಏನು ಅನ್ನುತ್ತಿದ್ದೆನೋ ಗೊತ್ತಿಲ್ಲ. ಎದುರಿಗಿದ್ದದ್ದು ಸತ್ತ ಹೇಟೆ. ಕೈಗವಸು ಹಾಕಿಕೊಂಡು ಕೆಲಸಕ್ಕೆ ಇಳಿದೆ.

ಹೃದಯದ ಮೇಲೆ ರಕ್ತದ ಚುಕ್ಕೆ, ಯಕೃತ್ತಿನ ಮೇಲೆ ರವೆ ಎರಚಿದ ಹಾಗೆ ಬಿಳಿ ಕಲೆ. ರಕ್ತದ ಹನಿಗೆ ಬಣ್ಣ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎರಡು ತುದಿಗೂ ಗಾಢ ಬಣ್ಣ ಹಿಡಿದ ಸಣ್ಣ ಸಣ್ಣ ಕಡ್ಡಿಗಳು. ಕಾಲರಾದ ರೋಗಾಣುವೇ, ಅನುಮಾನವಿಲ್ಲ. ಬುಟ್ಟಿಯಲ್ಲಿದ್ದ ಕೋಳಿಯ ಗಂಟಲಿನಿಂದಲೂ ಹತ್ತಿಯ ಕಡ್ಡಿಯಲ್ಲಿ ಒರೆಸಿಕೊಂಡೆ. ಎರಡನ್ನೂ ಬೇರೆ ಬೇರೆ ತಟ್ಟೆಯಲ್ಲಿ ಬೆಳೆಯಲು ಇಟ್ಟೆ.

ಮರುದಿನ ತಟ್ಟೆ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟೆ. ಸಿರುಗುಪ್ಪದ ತಟ್ಟೆಯ ಮೇಲೆ ದಪ್ಪ ದಪ್ಪ ಹನಿ, ಲೋಳೆ ಲೋಳೆ, ಬೆಳಕಿಗೆ ಓರೆ ಹಿಡಿದರೆ ಮಿಂಚುವಂಥವು. ಬಾದನಹಟ್ಟಿಯ ತಟ್ಟೆಯಲ್ಲಿ ಸಣ್ಣ, ಬೂದು ಬಣ್ಣದ, ಸಪ್ಪೆ ಚುಕ್ಕೆಗಳು. ಬೇರೆ ಪರೀಕ್ಷೆ ಮಾಡಿ ನೋಡಿದರೆ ಎರಡೂ ಕಾಲರಾದ ರೋಗಾಣುವೇ. ಒಂದು ಕೊಲ್ಲುತ್ತದೆ, ಇನ್ನೊಂದು ಗಂಟಲಲ್ಲಿ ಸುಮ್ಮನೆ ಕೂತಿದೆ.

ಇದು ಓದಿದವರಿಗೆ ಗೊತ್ತಿರುವ ಸಂಗತಿಯೇ, ಆದರೆ ಒಂದೇ ಮೇಜಿನ ಮೇಲೆ ಎರಡನ್ನೂ ನೋಡಿದ್ದು ನಾನು ಅದೇ ಮೊದಲು. ಆ ರೋಗಾಣುವಿಗೆ ಮೈಮೇಲೆ ಲೋಳೆಯ ಹೊದಿಕೆ ಇರುತ್ತದೆ. ಹೊದಿಕೆ ಇದ್ದರೆ ಕೋಳಿಯ ರಕ್ತದಲ್ಲಿರುವ ಕಾವಲಿನ ಕಣಗಳ ಕೈಗೆ ಅದು ಸಿಗುವುದಿಲ್ಲ, ಒಂದು ಹತ್ತಾಗಿ ಹತ್ತು ಸಾವಿರವಾಗಿ ಬೆಳಗಾಗುವುದರೊಳಗೆ ಕೋಳಿ ಸಾಯುತ್ತದೆ. ಹೊದಿಕೆ ನೇಯುವ ಆಜ್ಞೆ ಅದರ ಜೀನಿನಲ್ಲಿದೆ. ಆ ಬರಹದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಹೊದಿಕೆ ಇಲ್ಲವಾಗಬಹುದು. ಆಗ ಅದೇ ರೋಗಾಣು ಸಾಧುವಾಗುತ್ತದೆ. ಗಲ್ಲದ ತೊಗಲು ಊದಿಸುವಷ್ಟು ಮಾತ್ರ ಅದರ ಶಕ್ತಿ. ಆ ಅಕ್ಷರ ಮತ್ತೆ ಸರಿಯಾದರೆ ಹೊದಿಕೆಯೂ ಮರಳುತ್ತದೆ, ಕೊಲ್ಲುವ ಗುಣವೂ ಮರಳುತ್ತದೆ.

ಆದರೆ ಇವೆರಡೂ ಒಂದೇ ವಂಶದವೋ, ಬೇರೆ ಬೇರೆಯೋ? ಅದನ್ನು ತಟ್ಟೆ ನೋಡಿ ಹೇಳಲಾಗದು. ಜೀನು ಓದುವ ಯಂತ್ರ ನಮ್ಮಲ್ಲಿಲ್ಲ. ದೊಡ್ಡ ಲ್ಯಾಬಿಗೆ ಕಳಿಸಿ ಕಾಯಬೇಕು. ಕಳಿಸುವ ಮೊದಲು ಬಾದನಹಟ್ಟಿಗೆ ಹೋಗಿ ಆಕೆಯ ಉಳಿದ ಕೋಳಿಗಳ ಗಂಟಲಿನ ಮಾದರಿಯನ್ನೂ ತಂದೆ. ಆಗ ಮಗಳನ್ನು ನೋಡಿದ್ದು. ತೆಳ್ಳಗಿನ ಹುಡುಗಿ, ಒಂದೊಂದೇ ಕೋಳಿಯನ್ನು ಗದ್ದಲವಿಲ್ಲದೆ ಹಿಡಿದು, ರೆಕ್ಕೆ ಮಡಿಸಿ ನನ್ನ ಕೈಗೆ ಕೊಟ್ಟಳು. ಒಂದು ಮಾತೂ ಆಡಲಿಲ್ಲ. ತಾಯಿಯೇ ಇಬ್ಬರ ಪಾಲಿನದೂ ಆಡುತ್ತಿದ್ದಳು.

ಕಾಯುವ ಆ ದಿನಗಳಲ್ಲಿ ತಾಯಿ ಬಳ್ಳಾರಿಗೆ ಬಂದಾಗೆಲ್ಲ ಲ್ಯಾಬಿಗೆ ಬಂದೇ ಹೋಗುತ್ತಿದ್ದಳು. ಸೆರಗಿನಲ್ಲಿ ಹೊಲದ ಹಸಿಮೆಣಸಿನಕಾಯಿ. “ಸುಮ್ನ ಈ ಕಡಿ ಬಂದಿದ್ದೆ” ಅನ್ನುವಳು. ಸುಮ್ಮನೆ ಯಾರು ಬರುತ್ತಾರೆ! ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ, ಉತ್ತರ ಬಂದಿಲ್ಲವೆಂದು ತಿಳಿದು, ಮೆಣಸಿನಕಾಯಿ ಇಟ್ಟು ಹೋಗುವಳು. ಒಂದು ದಿನ ಮಾತ್ರ ಕೇಳಿದಳು: “ನಮ್ಮ ಕಡಿಂದ ಅಂತ ಬಂದ್ರ ಆಕಿ ಗತಿ ಏನ್ರಿ? ಕೂಸು ಅಪ್ಪನ್ನ ಗುರುತು ಹಿಡಿಯೂ ವ್ಯಾಳ್ಯಾ.” ನಾನು ಸಿಡುಕಿದೆ, “ಬರೂದಕ್ಕಿಂತ ಮೊದಲ ಯಾಕ ಅಳ್ತೀರಿ” ಎಂದು. ಆಕೆ ಹೋದ ಮೇಲೆ ನನಗೂ ಕೆಲಸ ಸಾಗಲಿಲ್ಲ.

ಉತ್ತರ ಬಂತು. ಎರಡೂ ಒಂದೇ ವಂಶ. ಉದ್ದಕ್ಕೂ ಅಕ್ಷರಕ್ಕೆ ಅಕ್ಷರ ಹೊಂದುತ್ತದೆ. ಹೊದಿಕೆಗೆ ಸಂಬಂಧಿಸಿದ ಒಂದು ಕಡೆ ಮಾತ್ರ ವ್ಯತ್ಯಾಸ. ಬಾದನಹಟ್ಟಿಯದರಲ್ಲಿ ಅಕ್ಷರ ತಪ್ಪಿದೆ, ಸಿರುಗುಪ್ಪದ್ದರಲ್ಲಿ ಸರಿಯಿದೆ. ಅಂದರೆ ರೋಗಾಣು ತವರಿನ ಕೋಳಿಯ ಗಂಟಲಲ್ಲೇ ಪ್ರಯಾಣ ಮಾಡಿತ್ತು. ಸಾಧುವಾಗಿ ಹೋಗಿ ಅಲ್ಲಿ ತಿರುಗಿಬಿದ್ದಿತ್ತು. ತಿರುಗಿಬಿದ್ದವು ಒಂದೆರಡು ಮೊದಲೇ ಗಂಟಲಲ್ಲಿ ಅಡಗಿದ್ದು ಅಲ್ಲಿ ಹೋಗಿ ಹೆಚ್ಚಿದವೋ ಏನೋ, ಅದನ್ನು ಯಾರೂ ಆಣೆ ಮಾಡಿ ಹೇಳಲಾರರು. ಹೇಗಾದರೂ ಸರಿ, ಆ ತಾಯಿ ಕೇಳಿದ ಚೀಟಿ ನನ್ನಿಂದ ಆಗುತ್ತಿರಲಿಲ್ಲ.

ಅಂದು ಸಂಜೆ ನಾನು ಮೈ ತೊಳೆದು ಬಂದು ಊಟ ಬೇಡವೆಂದು ಕೂತಾಗ ನಮ್ಮ ಅತ್ತೆ ವಿಷಯ ಕಕ್ಕಿಸಿಯೇ ಬಿಟ್ಟರು. ಎಲ್ಲ ಕೇಳಿ, ವಿಭೂತಿಯ ಹಣೆ ತಿಕ್ಕಿಕೊಂಡು ಹೇಳಿದರು: “ಇದ್ದದ್ದು ಇದ್ದಂಗ ಹೇಳು. ಆದ್ರ ನಿನ್ನ ಸ್ವಭಾವ ನನಗ ಗೊತ್ತೈತಿ, ಮೊದಲ ಅರ್ಧಾ ಹೇಳಿ, ಯಾರರ ಬಾಯಿ ಹಾಕಿದ್ರ ಸಿಟ್ಟಾಗಿ ಎದ್ದು ಬರ್ತೀ. ಪೂರಾ ಹೇಳಿ ಬಾ. ಅರ್ಧಾ ಖರೇ ಹೇಳಿದ್ರ ಆ ಹುಡುಗಿ ಬಾಳೇವು ಹೋಗ್ತೈತಿ.”

ರೋಗ ಬಿದ್ದ ಜಾಗ ನೋಡುವುದು ಹೇಗೂ ನನ್ನ ಕೆಲಸ. ಬಾದನಹಟ್ಟಿಗೆ ಹೋಗಿ ತಾಯಿಯನ್ನು ಜೀಪಿನಲ್ಲಿ ಕೂಡಿಸಿಕೊಂಡು ಸಿರುಗುಪ್ಪದ ಕಡೆ ಹೊರಟೆ. ಮಗಳು ಕೂಸಿನೊಂದಿಗೆ ಊರಲ್ಲೇ ಉಳಿದಳು. ದಾರಿಯ ಎರಡೂ ಕಡೆ ಭತ್ತದ ಗದ್ದೆಗಳಲ್ಲಿ ಕಾಲುವೆ ನೀರು ನಿಂತಿತ್ತು. ತಾಯಿ ಏನೂ ಕೇಳಲಿಲ್ಲ. ನನ್ನ ಮುಖದಲ್ಲೇ ಓದಿಕೊಂಡಿದ್ದಳು ಅನಿಸುತ್ತದೆ.

ಮಗಳ ಅತ್ತೆ, ಅಂದರೆ ಈಕೆಯ ಬೀಗಿತ್ತಿ, ಎತ್ತರದ ಗಟ್ಟಿಮುಟ್ಟಾದ ಹೆಂಗಸು. ಮಾತಿನ ನಡುವೆ ತೆಲುಗು ಬೆರೆಯುತ್ತಿತ್ತು. ನನಗೆ “ಬರ್ರಿ ಮೇಡಂ, ಕುಂದರ್ರಿ” ಎಂದು ಕುರ್ಚಿ ಹಾಕಿದಳು, ನೀರಿನ ಚೊಂಬು ತಂದಳು. ಹುಡುಗಿಯ ತಾಯಿಗೆ ಬಾ ಎನ್ನಲಿಲ್ಲ, ನೀರೂ ಕೇಳಲಿಲ್ಲ. ನಮ್ಮ ಕಡೆ ಬೀಗರಿಗೆ ನೀರು ಕೊಡದಿರುವುದೆಂದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ನಾನು ನನ್ನ ಚೊಂಬನ್ನೂ ಮುಟ್ಟದೆ ಶೆಡ್ಡಿಗೆ ನಡೆದೆ.

ಶೆಡ್ಡು ನೋಡಿದ ಕೂಡಲೇ ಅರ್ಧ ಕಥೆ ತಿಳಿಯಿತು. ತಗಡಿನ ಗೋಡೆ, ಗಾಳಿಯಾಡಲು ಜಾಗವಿಲ್ಲ. ನೆಲಕ್ಕೆ ಗಿರಣಿಯಿಂದ ತಂದ ಭತ್ತದ ಹೊಟ್ಟು, ಮಳೆ ನೀರು ಸೋರಿ ಹೆಪ್ಪುಗಟ್ಟಿತ್ತು. ಎಲ್ಲಾ ಕೋಳಿಗೂ ಕುಡಿಯಲು ಒಂದೇ ಪ್ಲಾಸ್ಟಿಕ್ ಟಬ್ಬು. ಅಕ್ಕಪಕ್ಕದವರು ಪಾಲಿಗೆ ಸಾಕಲು ಕೊಟ್ಟ ಕೋಳಿಗಳನ್ನೂ ಅದರಲ್ಲೇ ತುಂಬಿದ್ದರಂತೆ. ಈಗ ಮೂಲೆಯಲ್ಲಿ ಉಳಿದವು ರೆಕ್ಕೆ ಜೋಲು ಬಿಟ್ಟುಕೊಂಡು ನಿಂತಿದ್ದವು.

ಹೇಗೆ ಶುರು ಮಾಡಲಿ ಎಂದು ನಾನು ಯೋಚಿಸುವುದರೊಳಗೆ ತಾಯಿಯೇ ಕೇಳಿಬಿಟ್ಟಳು. “ಸುತ್ತಿ ಬಳಸಿ ಹೇಳಬ್ಯಾಡ್ರಿ ಡಾಕ್ಟ್ರಮ್ಮಾ. ನನ್ನ ಕೋಳಿಯಿಂದ ಬಂತೋ ಇಲ್ಲೋ?”

“ಬಂತು” ಎಂದೆ.

ಆಕೆ ಅಲ್ಲೇ ಶೆಡ್ಡಿನ ಬಾಗಿಲಿಗೆ ಒರಗಿ ಕೂತಳು. ಬೀಗಿತ್ತಿ ಕೈ ತಟ್ಟಿ, “ನೋಡ್ರಿ ಮತ್ತ! ದೇವುಡಾ, ನಾನೇನು ಸುಳ್ಳು ಹೇಳಿದ್ನೇನು? ಊರೆಲ್ಲಾ ನನ್ನ ಬಾಯಿ ಬಡಕಿ ಅಂದ್ರು” ಎಂದು ಶುರು ಮಾಡಿದಳು.

“ಸ್ವಲ್ಪ ಸುಮ್ಮನಿರ್ರಿ. ಮಾತು ಅರ್ಧಾಗೈತಿ.” ನನ್ನ ಧ್ವನಿ ಏರಿತ್ತು. ಎದ್ದು ಬರಬೇಕೆನಿಸಿತು. ನಮ್ಮ ಅತ್ತೆಯ ಮಾತು ನೆನಪಾಗಿ ಹಲ್ಲು ಕಚ್ಚಿ ನಿಂತೆ. “ಇವರ ಮನಿ ಬಿಟ್ಟು ಬಂದಾಗ ಆ ರೋಗಕ್ಕ ಕೊಲ್ಲೂ ಶಕ್ತಿ ಇದ್ದಿಲ್ಲ. ಮೈಮ್ಯಾಲಿನ ಕಂಬಳಿ ಕಳಕೊಂಡ ಕಳ್ಳ ಅದು, ಹೊರಗ ಬಂದ್ರ ಕಾವಲಿನವರ ಕೈಗೆ ಸಿಗ್ತಿತ್ತು, ಅದಕ್ಕ ಗಂಟಲಾಗ ಅಡಗಿ ಕುಂತಿತ್ತು. ಇಲ್ಲಿಗೆ ಬಂದ ಮ್ಯಾಲೆ ಅದರ ವಂಶದಾಗ ಯಾವುದೋ ಒಂದಕ್ಕ ಕಂಬಳಿ ತಿರುಗಿ ಸಿಕ್ಕೈತಿ. ಸತ್ತಿದ್ದು ಅದರಿಂದ.”

“ಅಂದ್ರ? ನಾನ ಮಾಡೀನಿ ಅಂತೀರೇನು?” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಕೆ ಟಬ್ಬಿನ ಕಡೆ ಒಮ್ಮೆ ನೋಡಿದಳು.

“ಯಾರೂ ಮಾಡಿಲ್ಲ. ಅಂಥಾದ್ದು ತಾನ ಆಗ್ತಿರ್ತೈತಿ, ಬಾದನಹಟ್ಟಿಯಾಗೂ ಆಗಿದ್ದಿರಬೋದು. ಆದ್ರ ಅಲ್ಲಿ ಹಿತ್ತಲದಾಗ ಬೆರಳೆಣಿಕಿ ಕೋಳಿ, ಒಂದು ಅಲ್ಲಿ ಮೇದ್ರ ಒಂದು ಇಲ್ಲಿ ಮೇಯ್ತೈತಿ. ಕೊಲ್ಲೂ ಅಂಥಾದ್ದು ಹುಟ್ಟಿದ್ರ ತಾನಿದ್ದ ಕೋಳಿನ ಕೊಂದು ಅದರ ಜೋಡಿ ತಾನೂ ಸಾಯ್ತೈತಿ. ಇಲ್ಲಿ ಒಂದು ಸಾಯೋದ್ರಾಗ ಪಕ್ಕದ ಕೋಳಿ ಕೊಕ್ಕು ಅದೇ ನೀರಾಗ. ಸಾಧು ಇದ್ದದ್ದು ಹಿಂದ ಬೀಳ್ತೈತಿ, ಕಡಕ್ ಇದ್ದದ್ದು ಒಂದರಿಂದ ಒಂದಕ್ಕ ಹಾರ್ತೈತಿ. ಕಳಿಸಿದಾಕಿ ಪ್ರೀತಿಲೆ ಕಳಿಸ್ಯಾಳ, ಸಾಕಿದಾಕಿ ಪ್ರೀತಿಲೆ ಸಾಕ್ಯಾಳ. ನಡುವ ಆ ಹುಡುಗಿ ಏನು ಮಾಡ್ಯಾಳಂತ ಆಕಿನ್ನ ಹೊರಗ ಹಾಕೀರಿ?”

ಬೀಗಿತ್ತಿ ಮೂಲೆಯ ಕೋಳಿಗಳ ಕಡೆ ತಿರುಗಿದಳು. ಆಮೇಲೆ, “ಅದು ಮತ್ತ ಸಾಧು ಆಗಂಗಿಲ್ಲೇನು?” ಎಂದು ಕೇಳಿದಳು. ಧ್ವನಿ ಇಳಿದಿತ್ತು.

“ಆಗಬೋದು. ಅದನ್ನ ನಂಬಿ ಕೋಳಿ ಸಾಕಾಕ ಬರಂಗಿಲ್ಲ. ಔಷಧಿ ಹಾಕಿದ್ರ ಸಾಯೋದು ನಿಲ್ತೈತಿ, ಗಂಟಲಾಗಿಂದು ಪೂರಾ ಹೋಗಂಗಿಲ್ಲ. ಇಲ್ಲಿ ಉಳಿದಿದ್ದನ್ನ ಕೊಂದು ಹುಗೀಬೇಕು, ಬಾದನಹಟ್ಟಿಯಾಗಿಂದೂ ತೆಗೀಬೇಕು. ಸರ್ಕಾರದ ಹುಕುಂ ಅಲ್ಲ ಇದು, ನಾನು ಹೇಳೂ ಮಾತು ಅಷ್ಟ.”

ಆಗ ಆ ಗಟ್ಟಿಗಿತ್ತಿ ಮೂಲೆಯ ಕೋಳಿಗಳ ಹತ್ತಿರ ಹೋಗಿ ಕೂತು ಅತ್ತಳು. ಒಂದನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. “ಒಂದೊಂದನ್ನ ಹಿಂಗ ಇಟಗೊಂಡು ಚಮಚದಾಗ ನೀರು ಕುಡಿಸೀನಿ ಮೇಡಂ. ಯಾರೂ ಬಂದು ಏನಾತವ್ವಾ ಅನ್ನಲಿಲ್ಲ. ಕೋಳಿ ಸತ್ರ ಅಳ್ತಾಳ ಅಂತ ನಕ್ಕರು. ಪಾಲಿಗೆ ಕೊಟ್ಟವರು ಬಾಗಿಲಿಗೆ ಬಂದು ಕೂಗಾಡಿದ್ರು. ಯಾರ ಮ್ಯಾಲರ ಹಾಕಬೇಕಿತ್ತು, ಕೈಗೆ ಸಿಕ್ಕಾಕಿ ಆಕಿ ಒಬ್ಬಾಕಿನ.”

ಇಷ್ಟು ಹೊತ್ತು ಆಕೆಯ ಮೇಲೆ ನಾನು ಇಟ್ಟುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬಾಗಿಲಲ್ಲಿದ್ದ ತಾಯಿ ಎದ್ದು ಒಂದು ಹೆಜ್ಜೆ ಮುಂದೆ ಬಂದಳು. “ಅಕ್ಕಾ, ನನ್ನವು ಒಂದೂ ಉಳಿಸಂಗಿಲ್ಲ, ಎಲ್ಲಾ ತೆಗಿಸ್ತೀನಿ. ನನ್ನ ಮಗಳನ್ನ ಕರಕೋ.”

ಬೀಗಿತ್ತಿ ತಲೆ ಎತ್ತದೆ ಮಡಿಲಿನ ಕೋಳಿಯ ರೆಕ್ಕೆ ಸವರುತ್ತ ಕೂತಳು. ನಾವು ಬಂದ ದಾರಿಯಲ್ಲೇ ಮರಳಿದೆವು.

ತಾಯಿ ಮಾತಿಗೆ ತಪ್ಪಲಿಲ್ಲ. ನಾಲ್ಕು ದಿನ ಬಿಟ್ಟು ನಾನು ಲ್ಯಾಬಿನ ಇಬ್ಬರನ್ನು ಕರೆದುಕೊಂಡು ಬಾದನಹಟ್ಟಿಗೆ ಹೋದಾಗ ಕೋಳಿಗಳನ್ನೆಲ್ಲ ಬುಟ್ಟಿ ಮುಚ್ಚಿ ಇಟ್ಟು, ಹಿತ್ತಲಲ್ಲಿ ಗುಂಡಿ ತೋಡಿಸಿದ್ದಳು, ಸುಣ್ಣದ ಚೀಲ ತರಿಸಿಟ್ಟಿದ್ದಳು. ಕುರುಗೋಡಿನ ಸಂತೆಗೆ ಒಯ್ದು ಮಾರಿಬಿಡು ಎಂದು ಓಣಿಯವರು ಹೇಳಿದ್ದರಂತೆ. ನೋಡಲು ಗುಂಡು ಗುಂಡಾದ ಕೋಳಿಗಳು, ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು. “ಮಾರಿದ್ರ ಇನ್ನೊಬ್ಬಾಕಿ ಮಗಳ ಮನಿಗೆ ಹೋಗ್ತಾವ. ಬ್ಯಾಡ್ರಿ” ಎಂದಳು ನನಗೆ. ಅದನ್ನು ಹೇಳುವಾಗ ಆಕೆಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅವ್ವನಿಂದ, ಅವ್ವನ ಅವ್ವನಿಂದ ಬಂದ ತಳಿ. ಇವತ್ತು ಗುಂಡಿಗೆ ಹೋದರೆ ಮುಗಿಯಿತು.

ಕೆಲಸ ಅರ್ಧ ಆಗಿತ್ತು. ತಾಯಿ ಗುಂಡಿಯಿಂದ ದೂರ ಬೇವಿನ ಗಿಡದ ಕೆಳಗೆ ನೆಲದ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಮಗಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಟ್ಟೆಯ ಮೇಲಿದ್ದಳು. ಅಷ್ಟರಲ್ಲಿ ಹಿತ್ತಲ ಬಾಗಿಲಿಗೆ ಸಿರುಗುಪ್ಪದ ಬೀಗಿತ್ತಿ ಬಂದು ನಿಂತಳು, ಒಬ್ಬಳೇ, ಬಸ್ಸಿನ ಧೂಳು ಮೈಮೇಲೆ.

ನನಗೆ ತಡೆಯಲಾಗಲಿಲ್ಲ. “ಏನ್ರಿ, ಖರೇನ ತೆಗದಾರೋ ಇಲ್ಲೋ ಅಂತ ಖಾತ್ರಿ ಮಾಡ್ಕೊಳ್ಳಾಕ ಬಂದ್ರೇನು?” ಎಂದುಬಿಟ್ಟೆ.

ಆಕೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಬೇವಿನ ಗಿಡದ ಹತ್ತಿರ ಹೋಗಿ ತಾಯಿಯ ಪಕ್ಕ, ಅದೇ ಬರಿ ನೆಲದ ಮೇಲೆ ಕೂತಳು. “ನನ್ನವು ಸತ್ತಾಗ ನನ್ನ ಬಾಜೂಕ ಯಾರೂ ಕುಂತಿರಲಿಲ್ಲವ್ವಾ” ಎಂದಳು. “ನೀ ಒಬ್ಬಾಕಿನ ಅಳಬ್ಯಾಡ ಅಂತ ಬಂದೀನಿ.”

ತಾಯಿ ಆಕೆಯ ಹೆಗಲ ಮೇಲೆ ತಲೆ ಇಟ್ಟು ಬಿಕ್ಕಿದಳು. ನಾವು ನಮ್ಮ ಕೆಲಸ ಮುಗಿಸಿ ಸುಣ್ಣ ಸುರಿದು ಮಣ್ಣು ಮುಚ್ಚಿದೆವು. ಕೈಕಾಲು ತೊಳೆದುಕೊಂಡು ನಾನು ಬಂದಾಗ ಬೀಗಿತ್ತಿ ಕಟ್ಟೆಯ ಕಡೆ ತಿರುಗಿ ಹೇಳುತ್ತಿದ್ದಳು: “ನಡಿಯವ್ವಾ, ಮನಿಗೆ ಹೋಗೂಣು. ಮಧ್ಯಾಹ್ನದ ಬಸ್ ಐತಿ.”

ತಾಯಿಯ ಮುಖ ಅರಳಿತು. ಕಣ್ಣೊರೆಸಿಕೊಂಡು, “ಏಳವ್ವಾ ಏಳ, ಜಲ್ದಿ ಬಟ್ಟಿ ಕಟ್ಕೋ” ಎಂದು ಎದ್ದೇಬಿಟ್ಟಳು. ಹುಡುಗಿ ಏಳಲಿಲ್ಲ. ಕೂಸಿನ ಬಾಯಿ ಒರೆಸುತ್ತ ಕೂತೇ ಇದ್ದಳು.

“ಏನ, ಕೇಳಿಸಲಿಲ್ಲೇನು? ನಿಮ್ಮತ್ತಿ ಕರಿಯಾಕ ಹತ್ಯಾರ” ಎಂದಳು ತಾಯಿ.

“ಕೇಳಿಸ್ತೈತಿ” ಎಂದಳು ಹುಡುಗಿ. ಅದೇ ಮೊದಲು ನಾನು ಅವಳ ಧ್ವನಿ ಕೇಳಿದ್ದು. ಸಣ್ಣ ಧ್ವನಿ, ನಡುಗುತ್ತಿರಲಿಲ್ಲ. “ಕೋಳಿ ಕೇಳಿ ಮಸಾಲಿ ಅರೀತಾರೇನು ಅಂತಾರಲ್ಲ, ಹಂಗಾತು ನನ್ನ ಬಾಳೇವು. ಅವ್ವ ಕಳಿಸ್ತಾಳ, ಹೋಗಬೇಕು. ಅತ್ತಿ ಹೋಗು ಅಂತಾರ, ಬರಬೇಕು. ಈಗ ಬಾ ಅಂತಾರ, ಏಳಬೇಕು. ಆ ಶೆಡ್ಡಿನಾಗ ದಿನಾ ಕಸಾ ಹೊಡದಾಕಿ ನಾನು. ಕೋಳಿ ಯಾಕ ಸತ್ತವು ಅಂತ ತಿಳಕೊಳ್ಳಾಕ ನೀವೆಲ್ಲಾ ಬಳ್ಳಾರಿತನಕ ಓಡಾಡಿದ್ರಿ. ನನ್ನ ಮನಿಯಿಂದ ನನ್ನ ಕಳಿಸೂಮುಂದ ನನ್ನ ಯಾರರ ಒಂದು ಮಾತು ಕೇಳಿದ್ರೇನು?”

ಅವಳು ನಮ್ಮ ಮೂವರನ್ನೂ ನೋಡಿದಳು.

ಬೀಗಿತ್ತಿ ನೆಲಕ್ಕೆ ಕೈ ಊರಿ ಎದ್ದಳು. ಸೊಸೆಯ ಎದುರಿಗೆ ಹೋಗಿ ನಿಂತಳು. “ಇಲ್ಲ. ಕೇಳಲಿಲ್ಲ” ಎಂದಳು. ಆಮೇಲೆ, “ಈಗ ಕೇಳ್ತೀನಿ. ಬರ್ತಿಯೇನವ್ವಾ?”

ಹುಡುಗಿ ಕೂಸಿನ ಅಂಗಿ ಸರಿಮಾಡಿದಳು. ಅತ್ತೆಯನ್ನು ಕಾಯಿಸಿದಳು, ಬೇಕೆಂದೇ ಕಾಯಿಸಿದಳು ಅನಿಸುತ್ತದೆ. ಅತ್ತೆಯೂ ಕಾಯ್ದಳು. ಕೊನೆಗೆ ಹುಡುಗಿ ಎದ್ದು, “ಹಿಡೀರಿ, ಇದರ ತಲಿ ಕುಂಚಿಗಿ ಒಳಗೈತಿ, ತರ್ತೀನಿ” ಎಂದು ಕೂಸನ್ನು ಅತ್ತೆಯ ಕೈಗೆ ಕೊಟ್ಟು ಒಳಗೆ ಹೋದಳು.